ಮುಂಬೈ ಫ್ಲ್ಯಾಟಿನಲ್ಲಿ ಲ್ಯಾಬ್ರಡಾರ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾವಿರುವುದು ಮುಲುಂಡಿನಲ್ಲಿ, ಮೂರನೇ ಮಹಡಿಯ ಟೂ ಬಿಎಚ್‌ಕೆ. ಮನೆಯಲ್ಲಿ ನಾಲ್ಕು ಜನ, ಜೊತೆಗೆ ಬೆಲ್ಲ. ಬೆಲ್ಲ ನಮ್ಮ ಲ್ಯಾಬ್ರಡಾರ್. ಹೆಣ್ಣು, ಹತ್ತು ವರ್ಷ, ಬಣ್ಣವೂ ಅಚ್ಚು ಬೆಲ್ಲದ್ದೇ. ಅವಳನ್ನು ವಾಕಿಂಗ್ ಕರೆದುಕೊಂಡು ಹೋದಾಗೆಲ್ಲ ಯಾರಾದರೊಬ್ಬರು ನಿಲ್ಲಿಸಿ ಏನಾದರೂ ಕೇಳುತ್ತಾರೆ. ಡೊಂಬಿವಲಿ, ಘಾಟ್‌ಕೋಪರ್, ಮಾಟುಂಗಾದ ನಮ್ಮವರಿಂದ ಫೋನೂ ಬರುತ್ತದೆ, ಮಗ ನಾಯಿ ಬೇಕೆಂದು ಹಟ ಹಿಡಿದಿದ್ದಾನೆ, ಏನು ಮಾಡೋದು ಅಂತ. ಎಲ್ಲರಿಗೂ ಹೇಳುವುದನ್ನು ಇಲ್ಲಿ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ, ಔಷಧಿಯ ವಿಷಯಕ್ಕೆ ನಿಮ್ಮ ವೆಟ್, ಅಂದರೆ ಪ್ರಾಣಿಗಳ ಡಾಕ್ಟರ್, ಹೇಳಿದ್ದನ್ನೇ ಕೇಳಿ.

ಇಷ್ಟು ಸಣ್ಣ ಮನೆಯಲ್ಲಿ ಇಷ್ಟು ದೊಡ್ಡ ನಾಯಿ ಸಾಕಬಹುದಾ?

ಸಾಕಬಹುದು. ಜಾಗ ಎಷ್ಟಿದೆ ಅನ್ನುವುದಕ್ಕಿಂತ ನಿಮ್ಮ ಹತ್ತಿರ ಎಷ್ಟು ಹೊತ್ತು ಇದೆ ಅನ್ನುವುದು ಮುಖ್ಯ. ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಮುಕ್ಕಾಲು ಗಂಟೆ, ಮಳೆ ಇರಲಿ, ಜ್ವರ ಇರಲಿ, ಮನೆಯಲ್ಲಿ ಮದುವೆ ಇರಲಿ, ಯಾರಾದರೊಬ್ಬರು ಕರೆದುಕೊಂಡು ಹೋಗಲೇಬೇಕು. ಇಬ್ಬರೂ ಬೆಳಿಗ್ಗೆ ಏಳೂವರೆ ಲೋಕಲ್ ಹಿಡಿದು ರಾತ್ರಿ ಒಂಬತ್ತಕ್ಕೆ ಮನೆಗೆ ಬರುವವರಾದರೆ, ಮಧ್ಯೆ ನೋಡಿಕೊಳ್ಳಲು ಯಾರೂ ಇಲ್ಲ ಅಂತಾದರೆ, ದಯವಿಟ್ಟು ಈಗ ಬೇಡ. ಅದು ಇಡೀ ದಿನ ಬಾಗಿಲು ನೋಡುತ್ತಾ ಕೂತಿರುತ್ತದೆ.

ಲ್ಯಾಬ್ ಅಂದರೆ ಸಾಧು ನಾಯಿ, ಸುಮ್ನೆ ಬಿದ್ದುಕೊಂಡಿರುತ್ತೆ ಅಂತಾರಲ್ಲ?

ಸಾಧು ಹೌದು. ಸುಮ್ನೆ ಬಿದ್ದುಕೊಂಡಿರುವುದಿಲ್ಲ. ಇದು ಕೆಲಸದ ನಾಯಿ. ಹೆಸರಿನಲ್ಲಿ ಲ್ಯಾಬ್ರಡಾರ್ ಇದ್ದರೂ ಇದರ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದವು. ಅಲ್ಲಿನ ಮೀನುಗಾರರ ಜೊತೆ ತಣ್ಣನೆಯ ಸಮುದ್ರಕ್ಕೆ ಹಾರಿ ಬಲೆ, ಹಗ್ಗ, ತಪ್ಪಿಸಿಕೊಂಡ ಮೀನು ಎಳೆದು ತರುತ್ತಿದ್ದ ನಾಯಿಗಳು. ಅಲ್ಲಿಂದ ಇಂಗ್ಲೆಂಡು, ಸ್ಕಾಟ್‌ಲೆಂಡಿನ ಜಮೀನ್ದಾರರು ತರಿಸಿಕೊಂಡು ಬೇಟೆಯಲ್ಲಿ ಬಿದ್ದ ಹಕ್ಕಿಯನ್ನು ಹೆಕ್ಕಿ ತರಲು ಬೆಳೆಸಿದರು. 1903ರಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ ಇದನ್ನು ಬೇರೆ ತಳಿ ಎಂದು ಒಪ್ಪಿಕೊಂಡಿತು.

ಈ ಕಥೆ ಯಾಕೆ ಹೇಳಿದೆ ಅಂದರೆ, ಆ ನಾಯಿಯೇ ಇವತ್ತು ನಿಮ್ಮ ಹಾಲ್‌ನಲ್ಲಿ ಕೂತಿರುವುದು. ಬೆರಳುಗಳ ಮಧ್ಯೆ ಬಾತುಕೋಳಿಯ ಹಾಗೆ ಚರ್ಮ ಇದೆ, ಮುಟ್ಟಿ ನೋಡಿ. ಬಾಲ ನೀರುನಾಯಿಯ ಬಾಲದ ಹಾಗೆ ಬುಡದಲ್ಲಿ ದಪ್ಪ. ಮೈಮೇಲೆ ಎರಡು ಪದರ ಕೂದಲು, ನೀರು ಒಳಗೆ ಇಳಿಯದ ಹಾಗೆ. ಬಾಯಿ ಎಷ್ಟು ಮೆದು ಅಂದರೆ ಬೆಲ್ಲ ಒಮ್ಮೆ ಅಡುಗೆಮನೆಯಿಂದ ಹಸಿ ಮೊಟ್ಟೆ ಕಚ್ಚಿಕೊಂಡು ಬಂದು ನನ್ನ ಕಾಲ ಹತ್ತಿರ ಇಟ್ಟಳು, ಒಂದು ಬಿರುಕೂ ಬಿಟ್ಟಿರಲಿಲ್ಲ. ಏನಾದರೂ ಎತ್ತಿಕೊಂಡು ಬಂದು ಕೊಡುವುದು ಅವಳ ರಕ್ತದಲ್ಲೇ ಇದೆ. ಆ ಕೆಲಸ ನೀವು ಕೊಡದಿದ್ದರೆ ಚಪ್ಪಲಿ, ಸಾಕ್ಸು, ರಿಮೋಟು ಅದೇ ಹುಡುಕಿಕೊಳ್ಳುತ್ತದೆ. ದಿನಕ್ಕೆ ಹತ್ತು ನಿಮಿಷ ಚೆಂಡು ಎಸೆದು ತರಿಸಿ. ಅದರ ಒಣ ಆಹಾರದ ಒಂದು ಹಿಡಿ ಕಾಳನ್ನು ಮನೆಯಲ್ಲಿ ಅಲ್ಲಲ್ಲಿ ಬಚ್ಚಿಟ್ಟು ಮೂಸಿ ಹುಡುಕಲು ಬಿಡಿ. ಅರ್ಧ ಗಂಟೆ ನಡೆಸಿದಷ್ಟು ದಣಿಯುತ್ತದೆ.

ಗೋಲ್ಡನ್ ರಿಟ್ರೀವರ್ ತರೋದಾ, ಲ್ಯಾಬ್ ತರೋದಾ?

ಸ್ವಭಾವದಲ್ಲಿ ಅಂಥ ವ್ಯತ್ಯಾಸ ಇಲ್ಲ. ಎರಡೂ ಬಂಗಾರದಂಥ ನಾಯಿಗಳು. ಗೋಲ್ಡನ್ ಸ್ಕಾಟ್‌ಲೆಂಡಿನ ಚಳಿಯಲ್ಲಿ ರೂಪುಗೊಂಡದ್ದು, ಉದ್ದ ಕೂದಲು. ಮುಂಬೈಯ ಸೆಕೆ ಮತ್ತು ಮಳೆಗೆ ಆ ಕೂದಲು ಒಣಗಿಸುವುದೇ ದೊಡ್ಡ ಕೆಲಸ. ನನ್ನನ್ನು ಕೇಳಿದರೆ ಇಲ್ಲಿಗೆ ಲ್ಯಾಬ್.

ಯಾವ ಬಣ್ಣ ಒಳ್ಳೆಯದು?

ಕಪ್ಪು, ಹಳದಿ, ಚಾಕೊಲೇಟ್, ಮೂರೂ ಒಂದೇ ತಳಿ. ಬಣ್ಣ ನೋಡಿ ಜಾಸ್ತಿ ದುಡ್ಡು ಕೊಡಬೇಡಿ. ಬ್ರಿಟನ್ನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚಾಕೊಲೇಟ್ ಲ್ಯಾಬ್‌ಗಳ ಆಯಸ್ಸು ಉಳಿದವುಗಳಿಗಿಂತ ಒಂದು ವರ್ಷಕ್ಕೂ ಜಾಸ್ತಿ ಕಡಿಮೆ ಇತ್ತು, ಕಿವಿ ಮತ್ತು ಚರ್ಮದ ತೊಂದರೆ ಜಾಸ್ತಿ ಇತ್ತು.

ಮರಿ ಎಲ್ಲಿಂದ ತರುವುದು?

ಮೊದಲು ದತ್ತು ಸಿಗುತ್ತದಾ ನೋಡಿ. ಈ ಊರಿನಲ್ಲಿ ಮನೆ ಬದಲಾಯಿಸುವಾಗ, ಮಗು ಹುಟ್ಟಿದಾಗ, ಫಾರಿನ್ ಹೋಗುವಾಗ ಜನ ಲ್ಯಾಬ್‌ಗಳನ್ನು ಬಿಟ್ಟು ಹೋಗುತ್ತಾರೆ. ಮೂರು ನಾಲ್ಕು ವರ್ಷದ, ಬುದ್ಧಿ ಬಲಿತ ನಾಯಿ ಸಿಕ್ಕರೆ ಅದಕ್ಕಿಂತ ಪುಣ್ಯ ಬೇರೆ ಇಲ್ಲ.

ಕೊಳ್ಳುವುದೇ ಆದರೆ ಮರಿಯ ತಾಯಿಯನ್ನು ತೋರಿಸಿ ಅಂತ ಕೇಳಿ. ತೋರಿಸದಿದ್ದರೆ ಎದ್ದು ಬನ್ನಿ. 2017ರ ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, 8 ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ. ತಿಂಗಳ ಮರಿಯನ್ನು ರಟ್ಟಿನ ಡಬ್ಬದಲ್ಲಿ ಸ್ಟೇಷನ್ನಿಗೆ ತಂದು ಕೊಡುತ್ತೇನೆ ಅನ್ನುವವರು ಈಗಲೂ ಇದ್ದಾರೆ. ಇನ್ನೊಂದು ಮಾತು. ಈ ತಳಿಗೆ ಸೊಂಟದ ಕೀಲು ಸರಿಯಾಗಿ ಕೂರದ ತೊಂದರೆ ತಂದೆತಾಯಿಯಿಂದ ಬರುತ್ತದೆ. ತಂದೆತಾಯಿಯ ಸೊಂಟದ ಎಕ್ಸ್‌ರೇ ಇದೆಯಾ ಅಂತ ಕೇಳಿ. ಕೆಸಿಐ (ಕೆನಲ್ ಕ್ಲಬ್ ಆಫ್ ಇಂಡಿಯಾ) ಕೊಡುವ ತಳಿಯ ಪೇಪರ್ ಇದೆ ಅಂದರೆ ಕೀಲು ಗಟ್ಟಿ ಇದೆ ಅಂತ ಅರ್ಥ ಅಲ್ಲ.

ಮರಿಯನ್ನು ಯಾವಾಗ ಕೆಳಗೆ ಇಳಿಸಬಹುದು?

ಲಸಿಕೆಯ ಸರಣಿ ಮುಗಿದ ಮೇಲೆ, ಅಂದರೆ ಹೆಚ್ಚುಕಡಿಮೆ ನಾಲ್ಕು ತಿಂಗಳಿಗೆ. ಅಲ್ಲಿಯವರೆಗೆ ಸೊಸೈಟಿಯ ನೆಲ ಮುಟ್ಟಿಸಬೇಡಿ, ಪಾರ್ವೊ ಅನ್ನುವ ವೈರಸ್ ರೋಗ ಬಂದರೆ ಎರಡು ಮೂರು ದಿನದಲ್ಲಿ ಮರಿ ಕೈ ತಪ್ಪಿ ಹೋಗುತ್ತದೆ. ಆದರೆ ಎತ್ತಿಕೊಂಡು ಹೋಗಿ ರಿಕ್ಷಾ ಶಬ್ದ, ಲಿಫ್ಟ್, ಜನ ಎಲ್ಲ ತೋರಿಸಿ. ಹೆದರಿಕೆ ಮೈಗೂಡುವುದೂ ಇದೇ ವಯಸ್ಸಿನಲ್ಲಿ, ಧೈರ್ಯ ಬರುವುದೂ ಇದೇ ವಯಸ್ಸಿನಲ್ಲಿ.

ಯಾವ ಭಾಷೆಯಲ್ಲಿ ಕಲಿಸಬೇಕು?

ತುಂಬಾ ಜನ ಕೇಳುತ್ತಾರೆ. ಮನೆಯಲ್ಲಿ ಕನ್ನಡ, ಕೆಲಸಕ್ಕೆ ಬರುವ ಮೌಶಿಯದು ಮರಾಠಿ, ವಾಚ್‌ಮನ್ ಹಿಂದಿ, ಮಕ್ಕಳು ಇಂಗ್ಲಿಷ್. ನಾಯಿಗೆ ಭಾಷೆ ಯಾವುದಾದರೂ ಒಂದೇ, ಆದರೆ ಒಂದು ಕೆಲಸಕ್ಕೆ ಒಂದೇ ಶಬ್ದ ಇರಬೇಕು. ಬೆಲ್ಲಳಿಗೆ ‘ಕೂತ್ಕೋ’, ‘ಬಾ’, ‘ತಾ’, ‘ಬೇಡ’ ನಾಲ್ಕೇ ಮಾತು. ನಮ್ಮ ಮೌಶಿಯೂ ಈಗ ‘ಬೇಡ’ ಅಂತಲೇ ಹೇಳುವುದು. ಹೊಡೆದು ಕಲಿಸುವ ಟ್ರೈನರ್ ಬಂದರೆ ಬಾಗಿಲಿಂದಲೇ ಕಳಿಸಿ.

ಏನು ತಿನ್ನಿಸಬೇಕು? ನಮ್ಮದು ಸಸ್ಯಾಹಾರಿ ಮನೆ.

ಮೊಸರನ್ನ ಒಂದೇ ಆಗುವುದಿಲ್ಲ. ಹಾಲು ಚಪಾತಿಯೂ ಆಗುವುದಿಲ್ಲ. ಅದರಲ್ಲಿ ಹಿಟ್ಟಿನಂಶ ಜಾಸ್ತಿ, ಪ್ರೋಟೀನ್ ಕಡಿಮೆ, ಕೂದಲು ಉದುರುತ್ತದೆ, ಹೊಟ್ಟೆ ಬರುತ್ತದೆ. ಬೆಕ್ಕಿನ ಹಾಗಲ್ಲ, ನಾಯಿ ಸಸ್ಯಾಹಾರದಲ್ಲೂ ಬದುಕಬಹುದು. ಆದರೆ ಅದನ್ನು ವೆಟ್ ಹತ್ತಿರ ಕೂತು ಲೆಕ್ಕ ಹಾಕಿ ಮಾಡಬೇಕು, ಅಂದಾಜಿನಲ್ಲಿ ಅಲ್ಲ. ನಮ್ಮದೂ ಸಸ್ಯಾಹಾರಿ ಮನೆಯೇ. ಬೆಲ್ಲಳಿಗೆ ಪ್ಯಾಕೆಟ್ಟಿನ ಒಣ ಆಹಾರ, ಅದರ ಮೇಲೆ ಬೇಯಿಸಿದ ಮೊಟ್ಟೆ, ಸಿಹಿಗುಂಬಳ, ಬೀನ್ಸ್. ಅತ್ತೆ ಮೊದಮೊದಲು ಮೊಟ್ಟೆಯ ಪಾತ್ರೆ ಬೇರೆ ಇಟ್ಟರು, ಈಗ ಅವರೇ ಸಿಪ್ಪೆ ಸುಲಿದು ಕೊಡುತ್ತಾರೆ.

ಮರಿಗೆ ದೊಡ್ಡ ತಳಿಯ ಮರಿಗಳಿಗೆಂದೇ ಮಾಡಿದ ಆಹಾರ ಕೊಡಿ. ಅದರ ಜೊತೆ ಕ್ಯಾಲ್ಸಿಯಂ ಸಿರಪ್ ಸುರಿಯಬೇಡಿ. ಮೂಳೆ ಗಟ್ಟಿ ಆಗಲಿ ಅಂತ ಕೊಡುತ್ತಾರೆ, ಜಾಸ್ತಿಯಾದರೆ ಮೂಳೆ ಸೊಟ್ಟ ಬೆಳೆಯುತ್ತದೆ.

ಕೊಡಲೇಬಾರದ್ದು: ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಶುಗರ್‌ಫ್ರೀ ಚೂಯಿಂಗ್‌ಗಮ್‌ನಲ್ಲಿರುವ ಜೈಲಿಟಾಲ್. ಇದನ್ನು ಓದಿ ಎಲ್ಲರೂ ತಲೆ ಆಡಿಸುತ್ತಾರೆ, ಆಮೇಲೆ ಹುಳಿ ಕಲಸಿದ ಅನ್ನ ಹಾಕುತ್ತಾರೆ. ಹುಳಿಯಲ್ಲಿ ಈರುಳ್ಳಿ ಇದೆ, ವಡಾಪಾವ್ ಚಟ್ನಿಯಲ್ಲಿ ಬೆಳ್ಳುಳ್ಳಿ ಇದೆ, ಕೇಸರಿಬಾತಿನಲ್ಲಿ ದ್ರಾಕ್ಷಿ ಇದೆ. ಜ್ವರ ಬಂತೆಂದು ನಮ್ಮ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ, ಅದೂ ವಿಷವೇ.

ಎಷ್ಟು ಹಾಕಿದರೂ ಹಸಿವು ಅನ್ನುತ್ತೆ. ಇನ್ನಷ್ಟು ಹಾಕೋದಾ?

ಬೇಡ. ಇಡೀ ಪಟ್ಟಿಯಲ್ಲಿ ಇದೊಂದನ್ನು ಮನಸ್ಸಿಟ್ಟು ಓದಿ.

ಲ್ಯಾಬ್‌ನ ಹಸಿವು ಎಷ್ಟೋ ಸಲ ನಿಜವಾದ ಹಸಿವೇ ಅಲ್ಲ. ಕೇಂಬ್ರಿಡ್ಜ್‌ನ ಸಂಶೋಧಕರು 2016ರಲ್ಲಿ ತೋರಿಸಿದ್ದು ಇದು: ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಲ್ಯಾಬ್‌ಗೆ ಪಿಒಎಂಸಿ ಅನ್ನುವ ಜೀನ್‌ನಲ್ಲಿ ಒಂದು ತುಣುಕು ಇಲ್ಲ. ಹೊಟ್ಟೆ ತುಂಬಿತು ಅನ್ನುವ ಸುದ್ದಿ ಮೆದುಳಿಗೆ ಸರಿಯಾಗಿ ಮುಟ್ಟುವುದೇ ಇಲ್ಲ. ಪಾಪ, ಅದರ ತಪ್ಪಲ್ಲ. ಊಟ ಆದ ಐದು ನಿಮಿಷಕ್ಕೆ ಬಂದು ತೊಡೆಯ ಮೇಲೆ ಗದ್ದ ಇಟ್ಟು ನೋಡುತ್ತದೆ. ಆ ಕಣ್ಣು ನೋಡಿ ನಮ್ಮ ಮನೆಗಳಲ್ಲಿ ಯಾರ ಕೈ ತಡೆಯುತ್ತದೆ ಹೇಳಿ? ಬಂದವರಿಗೆ ಬಡಿಸುವುದೇ ನಮಗೆ ಪ್ರೀತಿ. ಅಜ್ಜಿ ಒಂದು ದೋಸೆ ಚೂರು, ಮಗ ಒಂದು ಬಿಸ್ಕತ್ತು, ವಾಚ್‌ಮನ್ ಒಂದು ಪಾವ್. ದಿನದ ಕೊನೆಗೆ ಒಂದು ಹೊತ್ತಿನ ಊಟ ಜಾಸ್ತಿ ಆಗಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಅಮೆರಿಕದಲ್ಲಿ 48 ಲ್ಯಾಬ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಭಾಗ ಕಡಿಮೆ ಊಟ ಕೊಟ್ಟು ಕೊನೆಯುಸಿರಿನವರೆಗೂ ನೋಡಿದರು. 2002ರಲ್ಲಿ ಬಂದ ಫಲಿತಾಂಶ: ಕಡಿಮೆ ತಿಂದವು ಹೆಚ್ಚುಕಡಿಮೆ ಎರಡು ವರ್ಷ ಜಾಸ್ತಿ ಬದುಕಿದವು, ಕೀಲುನೋವೂ ತಡವಾಗಿ ಬಂತು. ಎರಡು ವರ್ಷ! ನಾಯಿಯ ಆಯಸ್ಸಿನಲ್ಲಿ ಅದು ಎಷ್ಟು ದೊಡ್ಡದು ಅಲ್ವಾ?

ಹಾಗಾಗಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಹಾಕಿ. ಬೆಲ್ಲ 28 ಕೆ.ಜಿ. ಅವಳಿಗೆ ದಿನಕ್ಕೆ 280 ಗ್ರಾಂ, ಎರಡು ಹೊತ್ತು. ನಿಮ್ಮ ನಾಯಿಯ ಲೆಕ್ಕ ಬೇರೆ ಇರುತ್ತದೆ. ಪಕ್ಕೆಯ ಮೇಲೆ ಅಂಗೈ ಇಟ್ಟು ಸವರಿ, ಒತ್ತದೆಯೇ ಎಲುಬು ಕೈಗೆ ಸಿಗಬೇಕು. ಮೇಲಿಂದ ನೋಡಿದರೆ ಸೊಂಟ ಕಾಣಬೇಕು. ಡ್ರಮ್ಮಿನ ಹಾಗೆ ಕಂಡರೆ ಕಡಿಮೆ ಮಾಡಿ. ಕೊಡದೆ ಇರಲು ಆಗುವುದೇ ಇಲ್ಲ ಅಂದರೆ ಸೌತೆಕಾಯಿ ಕೊಡಿ. ಬೆಲ್ಲ ಸೌತೆಕಾಯಿಯನ್ನೂ ಮೈಸೂರುಪಾಕಿನಷ್ಟೇ ಖುಷಿಯಿಂದ ತಿನ್ನುತ್ತಾಳೆ.

ಕಂಡದ್ದೆಲ್ಲ ನುಂಗುತ್ತೆ, ಏನಾದರೂ ಆಗುತ್ತಾ?

ಆಗುತ್ತದೆ, ನಮಗೇ ಆಯಿತು. ಬೆಲ್ಲಳಿಗೆ ಎರಡು ವರ್ಷ, ಮೇ ತಿಂಗಳು. ಊರಿಂದ ನೆಂಟರು ಬಂದಿದ್ದರು, ಆಪೂಸ್ ಹಣ್ಣಿನ ರಸಾಯನ ಮಾಡಿದ್ದೆವು. ಗೊರಟುಗಳ ಪಾತ್ರೆ ಕಟ್ಟೆಯ ಅಂಚಿನಲ್ಲಿತ್ತು. ಮರುದಿನ ಒಂದು ಸಲ ವಾಂತಿ ಮಾಡಿದಳು. ಅದರ ಮರುದಿನ ಊಟದ ತಟ್ಟೆ ಇಟ್ಟರೆ ಮೂಸಿ ನೋಡಿ ತಿರುಗಿ ಹೋದಳು. ಲ್ಯಾಬ್ ಊಟ ಬಿಟ್ಟಿತು ಅಂದರೆ ಅಷ್ಟೇ ಸಾಕು, ಕಾಯಬಾರದು. ಮೊದಲು ತೋರಿಸಿದ ಕಡೆ ಗ್ಯಾಸ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು, ಒಂದು ದಿನ ಹೋಯಿತು. ಎರಡನೇ ಡಾಕ್ಟರ್ ಸ್ಕ್ಯಾನ್ ಮಾಡಿಸಿದರು. ಕರುಳಿನಲ್ಲಿ ಅಡ್ಡಲಾಗಿ ಗೊರಟು. ಆ ರಾತ್ರಿಯೇ ಆಪರೇಷನ್. ತೆಗೆದ ಗೊರಟನ್ನು ಡಾಕ್ಟರ್ ಟ್ರೇನಲ್ಲಿ ಇಟ್ಟು ತೋರಿಸಿದರು, ಅದರ ನಾರು ಇನ್ನೂ ಹಳದಿಯಾಗಿಯೇ ಇತ್ತು.

ಅಂದಿನಿಂದ ಮಾವಿನ ಗೊರಟು ನಮ್ಮ ಮನೆಯಲ್ಲಿ ನೇರ ಮುಚ್ಚಳದ ಡಬ್ಬಕ್ಕೆ. ಮಳೆಗಾಲದಲ್ಲಿ ರಸ್ತೆಯಲ್ಲಿ ಬಿದ್ದಿರುವ ಮೆಕ್ಕೆಜೋಳದ ದಿಂಡು, ಭುಟ್ಟಾ ತಿಂದು ಎಸೆದದ್ದು, ಅಷ್ಟೇ ಅಪಾಯ. ವಾಕಿಂಗಿನಲ್ಲಿ ಕಣ್ಣು ಮೊಬೈಲ್ ಮೇಲೆ ಬೇಡ, ನಾಯಿಯ ಬಾಯಿಯ ಮೇಲೆ ಇರಲಿ.

ಮುಂಬೈ ಸೆಕೆ ತಡೆಯುತ್ತಾ?

ಕಷ್ಟಪಟ್ಟು ತಡೆಯುತ್ತದೆ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ತೇಕಿಯೇ ತಣ್ಣಗಾಗಬೇಕು. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಅದೂ ಸರಿಯಾಗಿ ಆಗುವುದಿಲ್ಲ. ಮಾರ್ಚ್‌ನಿಂದ ಮಳೆ ಬೀಳುವವರೆಗೆ ಬೆಳಿಗ್ಗೆ ಏಳರ ಒಳಗೆ, ರಾತ್ರಿ ಎಂಟರ ಮೇಲೆ ಮಾತ್ರ ವಾಕಿಂಗ್. ರಸ್ತೆಗೆ ಹಿಂಗೈ ಇಟ್ಟು ಏಳು ಎಣಿಸಿ, ಸುಡುತ್ತಿದ್ದರೆ ಅದರ ಪಾದವೂ ಸುಡುತ್ತದೆ. ತೇಕು ನಿಲ್ಲದೆ, ವಸಡು ಕೆಂಪಾಗಿ, ನಡಿಗೆ ತೂರಾಡಿದರೆ ಕೂಡಲೇ ನಲ್ಲಿ ನೀರು ಸುರಿದು ಫ್ಯಾನ್ ಹಾಕಿ, ಆಮೇಲೆ ಡಾಕ್ಟರ್ ಹತ್ತಿರ ಓಡಿ. ಸೆಕೆಗೆಂದು ಕೂದಲು ಬೋಳಿಸಬೇಡಿ. ಆ ಎರಡು ಪದರ ಬಿಸಿಲನ್ನೂ ತಡೆಯುತ್ತದೆ.

ಮಳೆಗಾಲ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಜವಾದ ಪರೀಕ್ಷೆ. ಲ್ಯಾಬ್‌ಗೆ ಮಳೆ ಅಂದರೆ ಹಬ್ಬ, ನಿಂತ ನೀರು ಕಂಡರೆ ಅದರಲ್ಲೇ ಕೂತುಬಿಡುತ್ತದೆ. ಆ ನಿಂತ ನೀರೇ ಭಯ. ಅದರಲ್ಲಿ ಇಲಿಯ ಮೂತ್ರ ಸೇರಿರುತ್ತದೆ, ಲೆಪ್ಟೊಸ್ಪೈರೋಸಿಸ್ ಬರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಬಿದ್ದು ನಗರ ಮುಳುಗಿದ ಮೇಲೆ ಇದೇ ರೋಗ ಎಷ್ಟೋ ಜನರಿಗೆ ಬಂತು, ಹಳಬರಿಗೆ ನೆನಪಿದೆ. ನಾಯಿಗೆ ಬಂದರೆ ಜ್ವರ, ವಾಂತಿ, ಕಣ್ಣು ಹಳದಿ, ಮೂತ್ರದ ಬಣ್ಣ ಗಾಢ. ನಾಯಿಯಿಂದ ನಮಗೂ ಹರಡಬಹುದು. ಲೆಪ್ಟೊ ಲಸಿಕೆ ವರ್ಷಕ್ಕೊಮ್ಮೆ ಹಾಕಿಸಬೇಕು, ಮೇ ತಿಂಗಳಲ್ಲೇ ಹಾಕಿಸಿಕೊಳ್ಳಿ.

ಮನೆಗೆ ಬಂದ ಕೂಡಲೇ ಒಣಗಿಸಿ. ಹಳೆಯ ಹತ್ತಿ ಪಂಚೆಯಷ್ಟು ಚೆನ್ನಾಗಿ ನೀರು ಹೀರುವ ಟವೆಲ್ ನನಗೆ ಇನ್ನೂ ಸಿಕ್ಕಿಲ್ಲ. ಹೊಟ್ಟೆಯ ಕೆಳಗೆ, ಕಂಕುಳು, ಬೆರಳ ಸಂದು, ಬಾಲದ ಬುಡ. ಒದ್ದೆ ಉಳಿದ ಕಡೆ ಒಂದೇ ರಾತ್ರಿಯಲ್ಲಿ ಕೆರೆದು ಕೆರೆದು ಹಸಿ ಗಾಯ ಮಾಡಿಕೊಳ್ಳುತ್ತದೆ. ಜೋತು ಬಿದ್ದ ಕಿವಿಯನ್ನು ಎತ್ತಿ ಒಳಗೆ ಮೂಸಿ ನೋಡಿ, ಹುಳಿ ಹಿಟ್ಟಿನಂಥ ವಾಸನೆ ಬಂದರೆ ಸೋಂಕು. ಬಿಸಿ ಎಣ್ಣೆ ಬಿಡಬೇಡಿ.

ಉಣ್ಣೆ ಹುಳ ವರ್ಷವಿಡೀ ಇರುತ್ತದೆ. ಮಾತ್ರೆಯೋ ಹನಿಯೋ, ವೆಟ್ ಹೇಳಿದ್ದನ್ನು ತಪ್ಪಿಸಬೇಡಿ. ಉಣ್ಣೆ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ವಸಡು ಬಿಳಿಚುತ್ತದೆ, ಮೂಗಿನಿಂದ ರಕ್ತ ಬರಬಹುದು.

ಜುಹುಗೆ ಈಜಲು ಕರೆದುಕೊಂಡು ಹೋಗಬಹುದಾ?

ಚಳಿಗಾಲದಲ್ಲಿ, ಬೆಳಗಿನ ಜಾವ, ಉದ್ದ ಹಗ್ಗ ಕಟ್ಟಿ. ಮಳೆಗಾಲದಲ್ಲಿ ಬೇಡವೇ ಬೇಡ. ಅಲೆ ಜೋರು, ದಡದಲ್ಲಿ ಡಾಂಬರಿನ ಉಂಡೆ ಬಂದು ಬೀಳುತ್ತದೆ, ನೀಲಿ ಬಣ್ಣದ ಜೆಲ್ಲಿಮೀನಿನಂಥವು ಕುಟುಕುತ್ತವೆ. ವಾಪಸ್ ಬಂದು ಸಿಹಿನೀರಿನಲ್ಲಿ ತೊಳೆಯಿರಿ.

ಸೊಸೈಟಿಯವರು ನಾಯಿ ಇಡಬೇಡಿ ಅಂತಿದ್ದಾರೆ.

ಹಾಗೆ ಹೇಳುವ ಹಕ್ಕು ಅವರಿಗಿಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಓದಿ. ಸಾಮಾನ್ಯ ಸಭೆಯಲ್ಲಿ ಬಹುಮತ ಇದ್ದರೂ ನಾಯಿ ಸಾಕುವುದನ್ನು ನಿಷೇಧಿಸುವ ಹಾಗಿಲ್ಲ, ಲಿಫ್ಟ್ ನಿರಾಕರಿಸುವ ಹಾಗಿಲ್ಲ. ಅದರ ಪ್ರಿಂಟ್ ತೆಗೆದು ಶಾಂತವಾಗಿ ಕೊಡಿ. ಬಿಎಂಸಿಯ (ಮುಂಬೈ ಮಹಾನಗರ ಪಾಲಿಕೆಯ) ನಾಯಿ ಲೈಸೆನ್ಸ್, ರೇಬಿಸ್ ಲಸಿಕೆಯ ಪುಸ್ತಕ ಸಿದ್ಧ ಇಟ್ಟುಕೊಳ್ಳಿ. ಆದರೆ ನಮ್ಮ ಕಡೆಯಿಂದಲೂ ಆಗಬೇಕಾದದ್ದಿದೆ. ಹೇಲು ಎತ್ತಬೇಕು, ಪ್ರತಿ ಸಲ. ಲಿಫ್ಟಿನಲ್ಲಿ ಹೆದರುವವರಿದ್ದರೆ ಮುಂದಿನ ಸಲಕ್ಕೆ ಕಾಯಬೇಕು. ನಮ್ಮ ಎದುರು ಮನೆಯ ಅಜ್ಜಿಗೆ ಮೊದಲು ಬೆಲ್ಲ ಅಂದರೆ ನಡುಕ. ನಾಲ್ಕು ವರ್ಷ ನಾವು ಅವರಿಗೆ ಲಿಫ್ಟ್ ಬಿಟ್ಟುಕೊಟ್ಟೆವು. ಈಗ ಅವರೇ ‘ಕುಠೆ ಗೇಲಿ ಆಮಚಿ ಬೆಲ್ಲಾ’, ನಮ್ಮ ಬೆಲ್ಲ ಎಲ್ಲಿ ಹೋದಳು, ಅಂತ ಕೇಳುತ್ತಾರೆ.

ಗಣಪತಿ, ದೀಪಾವಳಿಯ ಸದ್ದಿಗೆ ಏನು ಮಾಡುವುದು?

ಕಿಟಕಿ ಮುಚ್ಚಿ, ಒಳ ಕೋಣೆಯಲ್ಲಿ ಫ್ಯಾನ್, ಟಿವಿ ಹಾಕಿ ಜೊತೆಗಿರಿ. ಕತ್ತಲಾಗುವ ಮುಂಚೆಯೇ ವಾಕಿಂಗ್ ಮುಗಿಸಿ. ಕೊರಳಪಟ್ಟಿಯಲ್ಲಿ ಫೋನ್ ನಂಬರ್ ಇರಲಿ, ಹೆದರಿ ಓಡಿಹೋಗುವ ನಾಯಿಗಳು ಈ ದಿನಗಳಲ್ಲೇ ಜಾಸ್ತಿ.

ಊರಿಗೆ ಕರೆದುಕೊಂಡು ಹೋಗುವುದು ಹೇಗೆ?

ರೈಲಿನಲ್ಲಿ ನಿಮ್ಮ ಜೊತೆಯೇ ಬರಬೇಕಾದರೆ ಫಸ್ಟ್ ಎಸಿಯ ಪೂರ್ತಿ ಕೂಪೆ ಅಥವಾ ಕ್ಯಾಬಿನ್ ನಿಮ್ಮದಾಗಿರಬೇಕು. ಇಲ್ಲದಿದ್ದರೆ ಗಾರ್ಡಿನ ಲಗೇಜ್ ಡಬ್ಬಿಯ ಪೆಟ್ಟಿಗೆ. ಸೆಕೆಯಲ್ಲಿ ಇಷ್ಟು ದೊಡ್ಡ ನಾಯಿಯನ್ನು ಅದರಲ್ಲಿ ಹಾಕಲು ನನಗೆ ಮನಸ್ಸು ಬರುವುದಿಲ್ಲ. ನಾವು ಕುಂದಾಪುರಕ್ಕೆ ಕಾರಿನಲ್ಲೇ ಹೋಗುತ್ತೇವೆ, ಬೆಳಗಿನ ನಾಲ್ಕಕ್ಕೆ ಹೊರಟು ಬೆಳಗಾವಿಯಲ್ಲಿ ರಾತ್ರಿ ತಂಗಿ. ಎರಡು ಗಂಟೆಗೊಮ್ಮೆ ನಿಲ್ಲಿಸಿ ನೀರು. ಹೊಟ್ಟೆ ತುಂಬಾ ತಿನ್ನಿಸಿ ಹೊರಡಬೇಡಿ. ಐದು ನಿಮಿಷಕ್ಕೆಂದರೂ ನಿಂತ ಕಾರಿನಲ್ಲಿ ಬಿಟ್ಟು ಹೋಗಬೇಡಿ.

ಕೂದಲು ಉದುರುತ್ತಾ?

ವರ್ಷಪೂರ್ತಿ. ದಿನಾ ಬಾಚಿ.

ರಾತ್ರಿ ಹೊತ್ತಿನಲ್ಲಿ ಏನಾದರೂ ಆದರೆ?

ಇದನ್ನು ಮರಿ ತರುವ ಮುಂಚೆಯೇ ಕೇಳಿಕೊಳ್ಳಿ. ನಿಮ್ಮ ಹತ್ತಿರ ರಾತ್ರಿ ತೆರೆದಿರುವ ಕ್ಲಿನಿಕ್ ಯಾವುದು, ಅಲ್ಲಿ ಎಕ್ಸ್‌ರೇ ಇದೆಯಾ, ಹಗಲಲ್ಲೇ ಹೋಗಿ ನೋಡಿ ಬನ್ನಿ. ಪರೇಲ್‌ನಲ್ಲಿ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇದೆ, 1880ರ ದಶಕದಿಂದ ನಡೆಯುತ್ತಿರುವುದು. ಅಲ್ಲೇ ಬಾಂಬೆ ವೆಟರ್ನರಿ ಕಾಲೇಜೂ ಇದೆ.

ಎಷ್ಟು ವರ್ಷ ಬದುಕುತ್ತೆ? ವಯಸ್ಸಾದ ಮೇಲೆ ಹೇಗೆ?

ಸಾಮಾನ್ಯವಾಗಿ ಹತ್ತರಿಂದ ಹನ್ನೆರಡು ವರ್ಷ. ಎಂಟು ದಾಟಿದ ಮೇಲೆ ವರ್ಷಕ್ಕೆ ಎರಡು ಸಲ ರಕ್ತ ಪರೀಕ್ಷೆ ಮಾಡಿಸಿ. ಮುಂಬೈ ಫ್ಲ್ಯಾಟುಗಳ ನುಣುಪು ಟೈಲ್ಸ್ ಇವುಗಳ ಸೊಂಟಕ್ಕೆ ಶತ್ರು. ಎದ್ದೇಳುವಾಗ ಹಿಂಗಾಲು ಜಾರುತ್ತದೆ, ಜಾರಿದ ಪ್ರತಿ ಸಲವೂ ಕೀಲಿಗೆ ಏಟು. ಮರಿಯಿದ್ದಾಗಲೇ ರಬ್ಬರ್ ಮ್ಯಾಟ್ ಹಾಕಿ. ನಾವು ಹಾಕಿದ್ದು ತಡವಾಗಿ, ಅವಳಿಗೆ ಏಳು ವರ್ಷ ಆದ ಮೇಲೆ. ಈಗ ಮಲಗುವ ಕೋಣೆಯಿಂದ ಬಾಗಿಲವರೆಗೆ ಮ್ಯಾಟಿನ ಸಾಲು ಇದೆ. ಬೆಲ್ಲ ಅದರ ಮೇಲೆಯೇ ನಡೆಯುತ್ತಾಳೆ, ಅಂಚು ಮುಗಿದ ಕಡೆ ನಿಂತು ನಮ್ಮ ಮುಖ ನೋಡುತ್ತಾಳೆ.

ಮೆಟ್ಟಿಲು ಈಗ ಅವಳಿಂದ ಆಗುವುದಿಲ್ಲ. ಲಿಫ್ಟ್ ಕೆಟ್ಟ ದಿನ ಹಳೆಯ ಬೆಡ್‌ಶೀಟನ್ನು ನಾಲ್ಕು ಮಡಿಕೆ ಮಾಡಿ ಹೊಟ್ಟೆಯ ಕೆಳಗೆ ಹಿಂಗಾಲಿನ ಹತ್ತಿರ ಹಾಕಿ, ಎರಡೂ ತುದಿ ಮೇಲಕ್ಕೆ ಎತ್ತಿ ಹಿಡಿಯುತ್ತೇನೆ. ಹಿಂದಿನ ಭಾರ ನನ್ನ ಕೈಯಲ್ಲಿ, ಮುಂಗಾಲಿನಲ್ಲಿ ಅವಳೇ ಒಂದೊಂದು ಮೆಟ್ಟಿಲು ಇಳಿಯುತ್ತಾಳೆ. ಮಗ ಮುಂದೆ ನಿಂತು ‘ಬಾ, ಬಾ’ ಅನ್ನುತ್ತಾನೆ. ಮೂರು ಮಹಡಿಗೆ ಹನ್ನೆರಡು ನಿಮಿಷ ಬೇಕು. ಈ ವಾರ ಎರಡು ಸಲ ಹಾಗೆ ಇಳಿದೆವು.